ಚಕ್ಕುಬಂದಿಯ ಕನ್ನಡ

ಭೀಮಸಮುದ್ರದಲ್ಲಿ ಅಡಕೆಯ ತೋಟವೊಂದು ಮಾರಾಟಕ್ಕೆ ಬಂದಿತೆಂದರೆ ಕೊಳ್ಳುವವರು ಬೆಲೆಯ ಮಾತನ್ನು ಕಡೆಗೆ ಇಟ್ಟುಕೊಳ್ಳುತ್ತಾರೆ. ತೋಟಕ್ಕೆ ನೀರು ಯಾವ ಕಡೆಯಿಂದ ಬರುತ್ತದೆ, ಕೆರೆ ಕೋಡಿ ಬಿದ್ದ ವರ್ಷ ಹೆಚ್ಚಿನ ನೀರು ಯಾವ ಹಾದಿ ಹಿಡಿದು ಹೋಗುತ್ತದೆ, ಒತ್ತಿನ ತೋಟದವರು ಎಂಥವರು, ಅಣ್ಣತಮ್ಮಂದಿರು ಪಾಲಾದದ್ದು ಯಾವಾಗ, ಪಾಲಿನ ದಿನ ಹೆಣ್ಣುಮಕ್ಕಳನ್ನು ಕರೆಸಿದ್ದರೆ ಇಲ್ಲವೆ, ಇವು ಮೊದಲ ಪ್ರಶ್ನೆಗಳು. ಚಿತ್ರದುರ್ಗದ ಸೀಮೆ ಮಳೆಯಲ್ಲಿ ಬಡವಾದದ್ದು. ಅಂಥ ನಾಡಿನ ನಡುವೆ ಅಡಕೆಯ ಹಸುರು ಕಣ್ಣಿಗೆ ಬೀಳುವ ಊರಿನವರು ನೀರಿನ ಲೆಕ್ಕವನ್ನೂ ನೆಲದ ಲೆಕ್ಕವನ್ನೂ ಬೇರೆ ಬೇರೆ ಇಟ್ಟವರಲ್ಲ. ಯಾವ ನ್ಯಾಯಶಾಸ್ತ್ರವನ್ನೂ ಓದದ ರೈತನು ಈ ಪ್ರಶ್ನೆಗಳನ್ನು ತಂದೆಯಿಂದ ಕಲಿತಿರುತ್ತಾನೆ. ಉತ್ತರಗಳನ್ನು ಜಗುಲಿಯ ಮೇಲೆ ಕುಳಿತೇ ಪಡೆಯುತ್ತಾನೆ.

ಆದರೆ ಅದೇ ರೈತನು ಮಗನಿಗಾಗಿ ಬೆಂಗಳೂರಿನ ಹೊರವಲಯದಲ್ಲಿ ಮೂವತ್ತು ನಲವತ್ತರ ನಿವೇಶನವನ್ನು ಕೊಳ್ಳುವಾಗ ಈ ತಿಳಿವಳಿಕೆಯನ್ನೆಲ್ಲ ಊರಿನಲ್ಲಿಯೇ ಬಿಟ್ಟು ಹೊರಡುತ್ತಾನೆ. ಆ ನಿವೇಶನದ ಅಳತೆ 1200 ಚದರಡಿ. ಊರಿನ ಲೆಕ್ಕದಲ್ಲಿ ಒಂದು ಗುಂಟೆಗಿಂತ ತುಸು ಹೆಚ್ಚು. ಗುಂಟೆಯೆಂದರೆ 1089 ಚದರಡಿ, ನಲವತ್ತು ಗುಂಟೆಗೆ ಒಂದು ಎಕರೆ. ಆ ಒಂದು ಗುಂಟೆಗಾಗಿ ಹಲವು ವರ್ಷಗಳ ಅಡಕೆಯ ಫಸಲು ಕರಗುತ್ತದೆ. ನೆರಳಚ್ಚು ಕಾಗದಗಳ ದಪ್ಪ ಕಟ್ಟೊಂದನ್ನು ವಕೀಲರ ಮುಂದಿಟ್ಟು, "ಎಲ್ಲ ಸರಿಯಾಗಿದೆಯೇ ನೋಡಿ, ಸ್ವಾಮಿ" ಎಂದು ಕೈಮುಗಿಯುತ್ತಾನೆ. ಊರಿನಲ್ಲಿ ತಾನೇ ಕೇಳುತ್ತಿದ್ದ ಪ್ರಶ್ನೆಗಳನ್ನು ಇಲ್ಲಿ ತನ್ನ ಪರವಾಗಿ ವಕೀಲರು ಕೇಳಬೇಕು. ಅವರು ಕೇಳುತ್ತಾರೆಯೆ?

ಕನ್ನಡದ ಅಧ್ಯಾಪಕನಿಗೆ ಈ ವಿಚಾರದಲ್ಲಿ ಏನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಕೆಲಸ ಇದೆ. ನಮ್ಮ ದೇಶದ ಆಸ್ತಿಯ ಕಾಯಿದೆಗಳು, 1882ರ ಸ್ವತ್ತು ವರ್ಗಾವಣೆಯ ಕಾಯಿದೆಯಾಗಲಿ, 1908ರ ನೋಂದಣಿ ಕಾಯಿದೆಯಾಗಲಿ, ಇಂಗ್ಲಿಷಿನಲ್ಲಿ ಹುಟ್ಟಿದವು. ಯಾವ ಊರಿನಲ್ಲಿ ಓದಿದರೂ ಒಂದೇ. ಆದರೆ ಆ ಕಾಯಿದೆಗಳು ಯಾವ ನೆಲದ ಮೇಲೆ ಅನ್ವಯವಾಗಬೇಕೋ ಆ ನೆಲದ ಇತಿಹಾಸವು ಕನ್ನಡದಲ್ಲಿದೆ. ಅದೂ ಶಾನುಭೋಗರ ಕನ್ನಡದಲ್ಲಿ, ಪತ್ರಬರಹಗಾರರ ಕನ್ನಡದಲ್ಲಿ, ಪಾರಸಿ ಸಂಸ್ಕೃತಗಳು ಕೂಡಿ ಬಾಳಿದ ಕಚೇರಿಯ ಕನ್ನಡದಲ್ಲಿ. ನಗರದ ಎಷ್ಟೋ ವ್ಯಾಜ್ಯಗಳ ಬೇರು ಒಂದೊಂದು ಶಬ್ದವನ್ನು ಓದದೆ ಬಿಟ್ಟದ್ದರಲ್ಲಿ ಇದೆಯೆಂಬುದು ನನ್ನ ಅಭಿಪ್ರಾಯ.

ನೆಲವನ್ನು ಮಾರುವುದು ಇಬ್ಬರ ನಡುವಣ ಗುಟ್ಟಿನ ವ್ಯವಹಾರವಲ್ಲವೆಂಬ ಭಾವನೆ ನಮ್ಮಲ್ಲಿ ಬಹಳ ಹಳೆಯದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದನು. ಭೂಮಿಯು ಒಬ್ಬನಿಂದ ಇನ್ನೊಬ್ಬನಿಗೆ ಸಲ್ಲಬೇಕಾದರೆ ಗ್ರಾಮ, ಜ್ಞಾತಿಗಳು, ನೆರೆಯವರು, ದಾಯಾದರು ಇವರ ಸಮ್ಮತಿಯೂ, ಅದರೊಡನೆ ಹೊನ್ನು ಮತ್ತು ನೀರಿನ ಧಾರೆಯೂ ಬೇಕೆಂಬ ಹಳೆಯ ವಚನವನ್ನು ಆತನು ಎತ್ತಿಕೊಂಡು ವಿವರಿಸುತ್ತಾನೆ. ಗ್ರಾಮದ ಸಮ್ಮತಿ ಏತಕ್ಕೆ? ವ್ಯವಹಾರವು ಹತ್ತು ಜನಕ್ಕೆ ತಿಳಿದಿರಲೆಂದು. ನೆರೆಯವರದು ಏತಕ್ಕೆ? ಎಲ್ಲೆಯ ಜಗಳ ಹುಟ್ಟದಿರಲೆಂದು. ಇಂದಿನ ನೋಂದಣಿ ಕಚೇರಿಯೂ, ಋಣಭಾರ ಪ್ರಮಾಣಪತ್ರವೂ, ಸರ್ವೆಯೂ ಮಾಡಬೇಕಾದ ಕೆಲಸವೇ ಇದು. ಕನ್ನಡ ನಾಡಿನ ನಡುವೆ ಕುಳಿತು ಬರೆದ ಆ ವ್ಯಾಖ್ಯಾನವು ಭಾರತದ ಬಹುಭಾಗಕ್ಕೆ ಅವಿಭಕ್ತ ಕುಟುಂಬದ ಆಸ್ತಿಯ ಶಾಸ್ತ್ರವಾಯಿತು. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ತತ್ತ್ವ ಅಲ್ಲಿಯದು. ಅದರ ಇನ್ನೊಂದು ಮುಖದ ಮಾತನ್ನು ಮುಂದೆ ಹೇಳುತ್ತೇನೆ.

ಹಳೆಯ ಕ್ರಯಪತ್ರವೊಂದನ್ನು ಕೈಗೆ ತೆಗೆದುಕೊಳ್ಳಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಸ್ವಾಮ್ಯಗಳ ಸಹಿತವಾಗಿ ಮಾರಿದ್ದೇನೆ ಎಂಬ ಮಾತು ಅದರಲ್ಲಿ ಬಹುಮಟ್ಟಿಗೆ ಇದ್ದೇ ಇರುತ್ತದೆ. ಶಾಸನಗಳನ್ನು ಓದಿದವರಿಗೆ ಈ ಸಾಲು ಹಳೆಯ ನೆಂಟ. ವಿಜಯನಗರದ ಅರಸರು ಅಗ್ರಹಾರವನ್ನು ಬಿಟ್ಟುಕೊಡುವಾಗ ಕಲ್ಲಿನ ಮೇಲೆ ಕೆತ್ತಿಸಿದ ಮಾತನ್ನೇ ಬೆಂಗಳೂರಿನ ಪತ್ರಬರಹಗಾರನು ಅರ್ಧ ಗುಂಟೆಯ ನಿವೇಶನಕ್ಕೂ ಬರೆಯುತ್ತ ಬಂದಿದ್ದಾನೆ! ನಿಜವಾಗಿ ನಿಧಿ ಸಿಕ್ಕಿದರೆ 1878ರ ಕಾಯಿದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕೆಂಬುದು ಬೇರೆ ಮಾತು. ಈ ಸಾಲು ಪತ್ರಕ್ಕೆ ಶೋಭೆ ಮಾತ್ರ. ಅದನ್ನು ಬಿಟ್ಟರೂ ಕ್ರಯಕ್ಕೆ ಕುಂದಿಲ್ಲ. ಅದರ ಕೆಳಗೆ, ಷೆಡ್ಯೂಲಿನಲ್ಲಿ, ಯಾವ ಶೋಭೆಯೂ ಇಲ್ಲದೆ ಬರುವ ನಾಲ್ಕು ಸಾಲು ಇದೆಯಲ್ಲ, ಪೂರ್ವಕ್ಕೆ ಇಂಥದು, ಪಶ್ಚಿಮಕ್ಕೆ ಇಂಥದು ಎಂದು? ಅದಕ್ಕೆ ಚಕ್ಕುಬಂದಿ ಎಂದು ಹೆಸರು. ಪತ್ರದ ಪ್ರಾಣವಿರುವುದು ಅಲ್ಲಿ. ವಿಸ್ತೀರ್ಣದ ಅಂಕಿಗೂ ನಾಲ್ಕೆಲ್ಲೆಗೂ ವಿರೋಧ ಬಂದರೆ ಸಾಮಾನ್ಯವಾಗಿ ಎಲ್ಲೆಗಳೇ ಪ್ರಬಲವೆಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಲ್ಲಿ ವಕೀಲನಾಗಿದ್ದಾನೆ. ನಮ್ಮ ಕಡೆಯ ನಿವೃತ್ತ ಮೇಷ್ಟರೊಬ್ಬರು ಕೊಳ್ಳಬೇಕೆಂದಿದ್ದ ನಿವೇಶನದ ಕಾಗದಗಳನ್ನು ಅವನು ಒಂದು ಬೇಸಿಗೆಯಲ್ಲಿ ನನ್ನ ಬಳಿಗೆ ತಂದನು. ಜಮೀನು ಆನೇಕಲ್ಲಿನ ಕಡೆಯದು. ಇತ್ತೀಚಿನ ಪತ್ರಗಳು ಅಚ್ಚಾದವು, ಓದಲು ತೊಡಕಿಲ್ಲ. ಅತ್ಯಂತ ಹಳೆಯದೊಂದು ಮಾತ್ರ ಕೂಡುಬರಹದ ಕೈಪತ್ರ. "ಸಾರ್, ಇದರಲ್ಲಿ ಉತ್ತರದ ಎಲ್ಲೆ ಏನೆಂದು ಬರೆದಿದೆ? ಯಾರಿಗೂ ಓದಲಾಗಲಿಲ್ಲ" ಎಂದನು. ನಾವಿಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ಓದಿದೆವು. ಉತ್ತರಕ್ಕೆ "ಕೋಡಿ ಹಳ್ಳ" ಎಂದಿತ್ತು. ಅದರ ಮುಂದಿನ ಕ್ರಯಪತ್ರದಲ್ಲಿ ಅದೇ ಉತ್ತರದ ಎಲ್ಲೆ "ಸರ್ಕಾರಿ ಖರಾಬು" ಆಗಿತ್ತು. ಮೂರನೆಯದರಲ್ಲಿ "ಖಾಲಿ ಜಾಗ". ನಾಲ್ಕನೆಯದರಲ್ಲಿ "ರಸ್ತೆ". ನಾಲ್ಕು ಪತ್ರಗಳಲ್ಲಿ ಒಂದು ಹಳ್ಳವು ರಸ್ತೆಯಾಗಿಬಿಟ್ಟಿತ್ತು. ಯಾರೂ ಒಂದು ಸುಳ್ಳನ್ನು ಪೂರ್ತಿಯಾಗಿ ಹೇಳಿರಲಿಲ್ಲ, ಒಬ್ಬೊಬ್ಬರು ಒಂದೊಂದು ಶಬ್ದವನ್ನು ತುಸು ಮೆತ್ತಗೆ ಮಾಡಿದ್ದರು, ಅಷ್ಟೆ.

ಬಯಲು ಸೀಮೆಯಲ್ಲಿ ಹುಟ್ಟಿದವನಿಗೆ ಕೋಡಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಬೀಳುವ ಬಾಯಿ ಅದು. ಕೋಡಿ ಇದ್ದರೆ ಮೇಲೆ ಕೆರೆ ಇರಬೇಕು. ಕೋಡಿಯ ಹಳ್ಳವಿದ್ದರೆ ಕೆಳಗೆ ಇನ್ನೊಂದು ಕೆರೆ ಇರಬೇಕು. ಏಕೆಂದರೆ ನಮ್ಮ ಹಿರಿಯರು ಕೆರೆಗಳನ್ನು ಒಂದರ ಕೆಳಗೊಂದು ಸರಪಳಿಯಂತೆ ಕಟ್ಟಿದರು. ಬೆಂಗಳೂರೂ ಹಾಗೆಯೇ ಕಟ್ಟಿದ ಊರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದರೂ ನೀರು ತನ್ನ ಹಾದಿಯನ್ನು ಮರೆತಿಲ್ಲವೆಂಬುದನ್ನು ಪ್ರತಿ ಮಳೆಗಾಲವೂ ಆ ನಗರಕ್ಕೆ ನೆನಪಿಸುತ್ತದೆ. ಕೆರೆಗಳ ಅಂಚಿನಿಂದ ಎಷ್ಟು ದೂರ ಕಟ್ಟಡ ಕೂಡದು ಎಂಬುದರ ಮೇಲೆ ದೊಡ್ಡ ದೊಡ್ಡ ವಾದಗಳು ನಡೆದಿವೆ: 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಆ ಅಂತರವನ್ನು 75 ಮೀಟರಿಗೆ ಏರಿಸಿತು, 2019ರಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ರದ್ದು ಮಾಡಿತು. ಆದರೆ ಅಳತೆಗೋಲು ಎಷ್ಟೇ ಇರಲಿ, ಹಳ್ಳವಿದೆಯೆಂಬುದೇ ಗೊತ್ತಾಗದ ಮೇಲೆ ಎಲ್ಲಿಂದ ಅಳೆಯುವುದು?

ನನ್ನ ವಿದ್ಯಾರ್ಥಿ ತಾಲ್ಲೂಕಿನ ಸರ್ವೆ ಕಚೇರಿಯಿಂದ ಗ್ರಾಮನಕ್ಷೆಯನ್ನೂ ಟಿಪ್ಪಣಿಯನ್ನೂ ತರಿಸಿದನು. ಹಳ್ಳ ಅಲ್ಲಿ ಇತ್ತು. "ಅಲ್ಲಿ ನೀರು ಹರಿದು ಎಷ್ಟೋ ವರ್ಷವಾಯಿತು, ಸ್ವಾಮಿ" ಎಂದು ಮಾರುವವರ ಕಡೆಯ ಹಿರಿಯರು ಹೇಳಿದರಂತೆ. ಮೇಷ್ಟರು ಮುಂಗಡವನ್ನು ವಾಪಸು ಪಡೆದರು. ಪೂರ್ತಿ ಬಂದಿತೆಂದು ಹೇಳಲಾರೆ.

ಮೇಲಿನ ಪತ್ರದಲ್ಲಿ ಬಂದ "ಖರಾಬು" ಎಂಬ ಶಬ್ದವನ್ನೇ ನೋಡೋಣ. ಮಾತಿನಲ್ಲಿ ಖರಾಬು ಎಂದರೆ ಕೆಟ್ಟದ್ದು. ಕಂದಾಯದ ಭಾಷೆಯಲ್ಲಿ ಕಂದಾಯವಿಲ್ಲದ ನೆಲ. ಅದರಲ್ಲಿ ಎರಡು ಜಾತಿ. ಬಂಡೆ, ಕೊರಕಲು ಮುಂತಾಗಿ ಸಾಗುವಳಿಗೆ ಬಾರದ ನೆಲ "ಅ" ಖರಾಬು; ಅದು ಹಿಡುವಳಿದಾರನ ಜಮೀನಿನ ಅಂಗ. ದಾರಿ, ಹಳ್ಳ, ಸ್ಮಶಾನ ಮೊದಲಾಗಿ ಸಾರ್ವಜನಿಕರ ಉಪಯೋಗಕ್ಕೆಂದು ಬಿಟ್ಟದ್ದು "ಬ" ಖರಾಬು. ಅದನ್ನು ಮಾರುವ ಹಕ್ಕು ಯಾವ ಹಿಡುವಳಿದಾರನಿಗೂ ಇಲ್ಲ. ಎರಡು ಎಕರೆ ಹತ್ತು ಗುಂಟೆಯ ಸರ್ವೆ ನಂಬರಿನಲ್ಲಿ ಎಂಟು ಗುಂಟೆ "ಬ" ಖರಾಬಿದ್ದು, ಬಡಾವಣೆ ಮಾಡಿದವನು ಪೂರ್ತಿ ಎರಡು ಎಕರೆ ಹತ್ತು ಗುಂಟೆಯನ್ನೂ ನಿವೇಶನಗಳಾಗಿ ಮಾರಿದರೆ, ಏಳೆಂಟು ಕುಟುಂಬಗಳು ಹಣ ಕೊಟ್ಟು ಕೊಂಡದ್ದು ಊರಿನ ದಾರಿಯನ್ನು. ಕನ್ನಡದ ಒಂದು ಅಕ್ಷರಕ್ಕೆ ಇಷ್ಟು ಬೆಲೆಯುಂಟೆಂದು ನಮ್ಮ ವರ್ಣಮಾಲೆಯ ಪಾಠದಲ್ಲಿ ಯಾರೂ ಹೇಳಿಕೊಡುವುದಿಲ್ಲ.

"ಇನಾಂ" ಎಂಬುದು ಇನ್ನೊಂದು ಶಬ್ದ. ತೋಟಿ, ತಳವಾರ, ನೀರಗಂಟಿ, ಶಾನುಭೋಗ, ಪಟೇಲ ಇವರಿಗೆ ಊರ ಕೆಲಸಕ್ಕಾಗಿ ಬಿಟ್ಟ ಭೂಮಿಗಳು ಹಳೇ ಮೈಸೂರಿನ ಹಳ್ಳಿ ಹಳ್ಳಿಯಲ್ಲಿ ಇದ್ದವು. ಕೆರೆಯ ತೂಬು ಎತ್ತಿ ನೀರು ಹಂಚುತ್ತಿದ್ದ ನೀರಗಂಟಿಗೆ ಸಂಬಳದ ಬದಲು ಆ ಕೆರೆಯ ಕೆಳಗೇ ಒಂದು ತುಂಡು ಗದ್ದೆ. ವ್ಯಕ್ತಿಗತ ಇನಾಂಗಳನ್ನು 1954ರ ಕಾಯಿದೆಯೂ, ದೇವಸ್ಥಾನ ಮತ್ತು ಧರ್ಮಕಾರ್ಯದ ಇನಾಂಗಳನ್ನು 1955ರ ಕಾಯಿದೆಯೂ ರದ್ದುಗೊಳಿಸಿದವು. ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ತೆಗೆದುಹಾಕಿತು. ಆ ಮೇಲೆ ಭೂಮಿಯು ಸರ್ಕಾರಕ್ಕೆ ಸೇರಿ, ಹಿಡುವಳಿದಾರರಿಗೆ ಮರುಮಂಜೂರಾಗಬೇಕು. ಆದುದರಿಂದ ಎಲ್ಲೋ ಒಂದು ಹಳೆಯ ಕಾಗದದಲ್ಲಿ "ನೀರಗಂಟಿ ಇನಾಮ್ತಿ" ಎಂಬ ಎರಡು ಶಬ್ದ ಕಂಡರೆ, ಮರುಮಂಜೂರಾತಿಯ ಆದೇಶವೆಲ್ಲಿ, ಅದು ಯಾರ ಹೆಸರಿಗೆ ಆಯಿತು, ಮಾರಾಟ ಅದಕ್ಕೆ ಮುಂಚೆಯೋ ಆಮೇಲೆಯೋ ಎಂದು ವಕೀಲನು ಹುಡುಕಬೇಕು. ಆ ಎರಡು ಶಬ್ದ ಕಣ್ಣಿಗೆ ಬೀಳದಿದ್ದರೆ ಪ್ರಶ್ನೆಯೇ ಹುಟ್ಟುವುದಿಲ್ಲ. ಮೂವತ್ತು ವರ್ಷದ ದಾಖಲೆ ನೋಡಿದರೆ ಸಾಕೆಂಬ ವಾಡಿಕೆ ಬೆಳೆದಿದೆ. ಇಂಥ ಶಬ್ದಗಳು ಸಾಮಾನ್ಯವಾಗಿ ಅದಕ್ಕೂ ಹಿಂದಿನ ಕಾಗದದಲ್ಲಿ ಕುಳಿತಿರುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಕಣ್ಣೀರು ಕಂಡ ಶಬ್ದಗಳು "ದರಖಾಸ್ತು", "ಸಾಗುವಳಿ ಚೀಟಿ". ಭೂಮಿಯಿಲ್ಲದ ಪರಿಶಿಷ್ಟ ಕುಟುಂಬಗಳಿಗೆ ಸರ್ಕಾರವು, ಇಷ್ಟು ವರ್ಷ ಮಾರಕೂಡದೆಂಬ ಷರತ್ತಿನ ಮೇಲೆ ಜಮೀನು ಕೊಟ್ಟಿತು. ಬರ ಬಂದ ವರ್ಷ, ಮದುವೆ ಬಂದ ವರ್ಷ, ಕಾಯಿಲೆ ಬಂದ ವರ್ಷ ಅವು ಕೈಬಿಟ್ಟು ಹೋದವು, ಚಿಲ್ಲರೆ ಹಣಕ್ಕೆ. ಇದನ್ನು ಸರಿಪಡಿಸಲೆಂದು 1978ರಲ್ಲಿ ಕರ್ನಾಟಕವು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಭೂಮಿಗಳ ಪರಭಾರೆ ನಿಷೇಧದ ಕಾಯಿದೆಯನ್ನು ಮಾಡಿತು. ಷರತ್ತು ಮುರಿದು ನಡೆದ ಮಾರಾಟ ಅಸಿಂಧು. ಭೂಮಿ ಮೂಲ ಮಂಜೂರುದಾರನಿಗೋ ಅವನ ವಾರಸುದಾರರಿಗೋ ಮರಳಬೇಕು. 1984ರಲ್ಲಿ ಮಂಚೇಗೌಡರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯಿದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿಯವರ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಅರ್ಜಿ ಸಮಂಜಸವಾದ ಕಾಲದೊಳಗೆ ಬರಬೇಕೆಂದು ಹೇಳಿತು. ತಡವಾಯಿತೆಂಬ ಕಾರಣಕ್ಕೆ ಅನೇಕರ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ವಿಧಾನಮಂಡಲವು ಕಾಲದ ಮಿತಿಯಿಲ್ಲವೆಂದು ತಿದ್ದುಪಡಿ ತಂದಿತು. ಒಂದು ಕಡೆ ಅಜ್ಜನಿಗೆ ಸಿಕ್ಕಿದ ನೆಲವನ್ನು ಕಳೆದುಕೊಂಡು ಅದೇ ನೆಲದಲ್ಲಿ ಕೂಲಿ ಮಾಡಿದ ಮನೆತನ. ಇನ್ನೊಂದು ಕಡೆ ಐದನೆಯ ಕೈಯಲ್ಲಿ, ಏನೂ ತಿಳಿಯದೆ, ಸಾಲ ಮಾಡಿ ಕೊಂಡ ಗುಮಾಸ್ತ. ನ್ಯಾಯದ ತೂಕ ಮೊದಲನೆಯವರ ಕಡೆಗೆಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಆ ಗುಮಾಸ್ತನಿಗೆ "ಇದು ದರಖಾಸ್ತಿನ ಜಮೀನು, ಮುಟ್ಟಬೇಡ" ಎಂದು ಮೊದಲೇ ಹೇಳಬೇಕಾಗಿದ್ದ ವಿದ್ಯಾವಂತರು ಯಾರು?

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಹುಟ್ಟಿನಿಂದ ಬರುವ ಹಕ್ಕು ಮಗನಿಗೆ ಮಾತ್ರವೆಂದು ಮಿತಾಕ್ಷರದ ಹೆಸರಿನಲ್ಲಿ ಶತಮಾನಗಳು ನಡೆದವು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ಪಾಲಿನ ಕಾಲದಲ್ಲಿ ಕೆಲವು ಹೆಂಗಸರಿಗೆ ಭಾಗ ಸಲ್ಲಬೇಕೆಂದಿತು. ಈ ಕಾಯಿದೆಯನ್ನು ಅರಿಯದೆ 1930-40ರ ಪಾಲುಪಟ್ಟಿಯನ್ನು ಓದಿದರೆ ಅರ್ಧ ಓದಿದಂತೆ. 1994ರಲ್ಲಿ ಕರ್ನಾಟಕವು ಮಗಳಿಗೂ ಹುಟ್ಟಿನ ಹಕ್ಕನ್ನು ಕೊಟ್ಟಿತು, ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕಾಯಿದೆ ಇಷ್ಟು ದೂರ ಬಂದಿದೆ. ಆದರೆ ವಂಶವೃಕ್ಷವೆಂಬ ಕಾಗದವನ್ನು ನೋಡಿ: ಎಷ್ಟೋ ಮನೆಗಳ ವೃಕ್ಷದಲ್ಲಿ ಹೆಣ್ಣುಕೊಂಬೆಗಳೇ ಇಲ್ಲ. "ಅರಿಸಿನ ಕುಂಕುಮಕ್ಕೆ ಕೊಟ್ಟಾಗಿದೆ" ಎಂಬ ಮಾತು ಮನೆಯಲ್ಲಿ ನಡೆಯುತ್ತದೆ, ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಭೀಮಸಮುದ್ರದ ರೈತನು ಕೇಳುವ "ಹೆಣ್ಣುಮಕ್ಕಳನ್ನು ಕರೆಸಿದ್ದರೆ?" ಎಂಬ ಪ್ರಶ್ನೆ ಎಂಥ ಪ್ರಶ್ನೆಯೆಂದು ಈಗ ತಿಳಿಯಬಹುದು.

ಇಷ್ಟೂ ಹಳೇ ಮೈಸೂರಿನ ಮಾತು. ಬೆಂಗಳೂರಿನ ವಕೀಲರ ಮೇಜಿಗೆ ನಾಡಿನ ಎಲ್ಲ ಭಾಗಗಳ ಕಾಗದಗಳೂ ಬರುತ್ತವೆ. ಮಂಗಳೂರಿನದಾದರೆ ಮೂಲಗೇಣಿ, ಕುಮ್ಕಿ, ಅಳಿಯಸಂತಾನ. ಕೊಡಗಿನದಾದರೆ ಜಮ್ಮಾ, ಬಾಣೆ. ಕಲಬುರ್ಗಿಯ ಕಡೆಯದಾದರೆ ಖಾಸ್ರಾ ಪಹಣಿ. ಧಾರವಾಡದ ಕಡೆಯದಾದರೆ ವತನು. ಒಂದು ರಾಜ್ಯವಾಗಿ 1956ರಲ್ಲಿ ಕೂಡಿದೆವು. ನಮ್ಮ ನೆಲದ ನೆನಪುಗಳು ಇನ್ನೂ ಐದಾರು ಭಾಷೆಗಳಲ್ಲಿ ಮಾತನಾಡುತ್ತವೆ.

ಗಣಕಯಂತ್ರ ಬಂದ ಮೇಲೆ ಈ ತೊಡಕು ತೀರಿತೆಂದು ಹೇಳುವವರುಂಟು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಅದು ರೈತನಿಗೆ ಆದ ದೊಡ್ಡ ಉಪಕಾರ. ಒಂದು ಪಹಣಿಗಾಗಿ ಹತ್ತು ಸಲ ಅಲೆಯುವುದು ತಪ್ಪಿತು. ಆದರೆ ಗಣಕವು ತನಗೆ ಕೊಟ್ಟದ್ದನ್ನು ಹೇಳುತ್ತದೆ. ಪಹಣಿಯ ಒಂಬತ್ತನೆಯ ಕಾಲಮಿನಲ್ಲಿ ಹೆಸರು ನೋಡಿ ತೃಪ್ತರಾಗುವವರು, ಆ ಹೆಸರು ಹೇಗೆ ಬಂದಿತೆಂಬ ಹತ್ತನೆಯದನ್ನೂ, ಇತರ ಹಕ್ಕು ಮತ್ತು ಋಣಗಳ ಹನ್ನೊಂದನೆಯದನ್ನೂ ಓದಬೇಕು. ಪಹಣಿಯ ನಮೂದು ತಪ್ಪೆಂದು ರುಜುವಾತಾಗುವವರೆಗೆ ಸರಿಯೆಂದು 1964ರ ಭೂಕಂದಾಯ ಕಾಯಿದೆ ಹೇಳುತ್ತದೆ. ಅದೇ ಹಕ್ಕೆಂದು ಹೇಳುವುದಿಲ್ಲ. ನಗರದ ಖಾತೆಯೂ ಅಷ್ಟೇ: ತೆರಿಗೆ ಕಟ್ಟುವವರು ಯಾರೆಂಬುದಕ್ಕೆ ಗುರುತು, ಒಡೆತನಕ್ಕೆ ಹಕ್ಕುಪತ್ರವಲ್ಲ.

ಮೂಲ ಕಾಗದಗಳು ಇಂದಿಗೂ ತಾಲ್ಲೂಕು ಕಚೇರಿಗಳ ರೆಕಾರ್ಡು ಕೋಣೆಗಳಲ್ಲಿ, ಮನೆಗಳ ಟ್ರಂಕುಗಳಲ್ಲಿ ಇವೆ. ಓದುವವರು ಕಡಿಮೆಯಾಗುತ್ತಿದ್ದಾರೆ. ಶಾನುಭೋಗಿಕೆ ಹೋಯಿತು, ಹೋದದ್ದು ನ್ಯಾಯವೇ. ಆದರೆ ಅದರೊಡನೆ ಮೋಡಿಯನ್ನು ಓದುವ ಕಣ್ಣೂ ಹೋಗಬೇಕಾಗಿರಲಿಲ್ಲ. ನಾವು ಎಂ.ಎ. ತರಗತಿಯಲ್ಲಿ ಹಲ್ಮಿಡಿಯ ಶಾಸನವನ್ನು ಅಕ್ಷರ ಅಕ್ಷರವಾಗಿ ಓದಿಸುತ್ತೇವೆ; ಐದನೆಯ ಶತಮಾನದ ಆ ದಾನಪತ್ರವನ್ನು ಬಿಡಿಸಿ ಹೇಳುವ ವಿದ್ಯಾರ್ಥಿಗೆ ತನ್ನ ತಾತನ ಭೋಗ್ಯಪತ್ರ ಓದಲು ಬರುವುದಿಲ್ಲ. ಕಾನೂನು ಕಾಲೇಜಿನವರು ಇದು ಭಾಷೆಯ ವಿಷಯವೆನ್ನುತ್ತಾರೆ, ಕನ್ನಡ ವಿಭಾಗದವರು ಕಾನೂನಿನ ವಿಷಯವೆನ್ನುತ್ತಾರೆ. ಇಬ್ಬರೂ ಕೂಡಿ ಒಂದು ಪತ್ರಿಕೆಯನ್ನು ಪಾಠಕ್ಕೆ ಇಡಬಾರದೆ? ಭಾಷಾಂತರದ ಪತ್ರಿಕೆಗಿಂತ ಹೆಚ್ಚು ಹುಡುಗರಿಗೆ ಅದರಿಂದ ಅನ್ನ ಸಿಕ್ಕೀತು.

ನಾನಂತೂ ಹೋದ ವರ್ಷದಿಂದ ತರಗತಿಯಲ್ಲಿ ವಾರಕ್ಕೆ ಒಂದು ಗಂಟೆ ಇದಕ್ಕಾಗಿ ತೆಗೆದಿಟ್ಟಿದ್ದೇನೆ. ಹುಡುಗರು ಮನೆಯಿಂದ ಹಳೆಯ ಕಾಗದಗಳ ನಕಲು ತರುತ್ತಾರೆ. ಒಬ್ಬಳು ತಂದ ಪತ್ರಕ್ಕೆ ತಾರೀಖಿಲ್ಲ, ಸರ್ವಧಾರಿ ಸಂವತ್ಸರದ ಮಾಘ ಮಾಸವೆಂದಷ್ಟೇ ಇತ್ತು. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ತಿರುಗುತ್ತವೆ. ಸರ್ವಧಾರಿ 1888ರಲ್ಲಿ ಬಂದಿತ್ತು, 1948ರಲ್ಲಿಯೂ ಬಂದಿತ್ತು. ಹಿಂದಿನದಾದರೆ ಭೂಮಿ ಅವಳ ಮುತ್ತಜ್ಜನ ತಂದೆಯ ಕಾಲದ್ದು, ಈಚಿನದಾದರೆ 1933ರ ಕಾಯಿದೆ ಅದಕ್ಕೆ ಅನ್ವಯಿಸುತ್ತದೆ. ತರಗತಿಯೆಲ್ಲ ಸೇರಿ ಛಾಪಾ ಕಾಗದದ ಮುದ್ರೆಯನ್ನು ನೋಡಿದೆವು, ಸಾಕ್ಷಿಗಳ ಹೆಸರುಗಳನ್ನು ನೋಡಿದೆವು. ಮೂರನೆಯ ಸಾಕ್ಷಿ ತನ್ನ ಅಜ್ಜಿಯ ಅಣ್ಣನೆಂದು ಆ ಹುಡುಗಿ ಮನೆಯಲ್ಲಿ ಕೇಳಿಕೊಂಡು ಬಂದಳು. ಆ ಸಂವತ್ಸರದ ಮಾಘವು ಮುಂದಿನ ಇಸವಿಗೆ ಬೀಳುವುದರಿಂದ 1949 ಎಂದು ಕಪ್ಪುಹಲಗೆಯ ಮೇಲೆ ಬರೆದೆವು. ಮುಂದಿನ ವಾರ ಅವಳು ಅಜ್ಜಿಯನ್ನೇ ಕೇಳಿ ಇನ್ನೊಂದು ವಿಷಯವನ್ನು ತಂದಳು: ಅಂದು ಪಾಲಿನ ಪತ್ರವನ್ನು ಬರೆಯುವಾಗ ಅಜ್ಜಿ ಒಳಮನೆಯಲ್ಲಿ ಹಾಲು ಕಾಯಿಸುತ್ತಿದ್ದಳಂತೆ; ಪತ್ರದಲ್ಲಿ ಏನು ಬರೆದರೆಂದು ಇದುವರೆಗೆ ಯಾರೂ ಅವಳಿಗೆ ಓದಿ ಹೇಳಿರಲಿಲ್ಲ.